ಕನ್ನಡ ವೆಬ್ ಲೇಖನಕ್ಕೆ ಒಳ್ಳೆ ಬರಹಗಾರರು ಸಿಗುವುದು ಹೇಗೆ? 20 ಲೇಖನ ಬರೆಸಿದೆ, ಗೂಗಲ್‌ನಿಂದ ಯಾರೂ ಬರುತ್ತಿಲ್ಲ

ಶಿರಸಿ_ಕಡೆಯವಳು

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಹತ್ತಿರದ ಒಂದು ಹಳ್ಳಿ. ನಾನು, ನಮ್ಮ ಅತ್ತೆ, ಊರಿನ ಇನ್ನೂ ನಾಲ್ಕು ಜನ ಹೆಂಗಸರು ಸೇರಿ ಮುರುಗಲು (ಅಂಗಡಿಯಲ್ಲಿ ಕೋಕಂ ಅನ್ನುತ್ತಾರಲ್ಲ, ಆ ಹಣ್ಣು) ಶರಬತ್ತು, ಒಣ ಮುರುಗಲು ಸಿಪ್ಪೆ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇವೆ. ಭಾವನ ಮಗ ಒಂದು ವೆಬ್‌ಸೈಟ್ ಮಾಡಿಕೊಟ್ಟಿದ್ದಾನೆ. ಆದರೆ ಆರ್ಡರ್ ಎಲ್ಲ ಬರುವುದು ವಾಟ್ಸಾಪ್‌ನಲ್ಲೇ, ಅದೂ ಬೆಂಗಳೂರಿನಲ್ಲಿರುವ ನಮ್ಮ ಕಡೆಯವರಿಂದಲೇ. ಹೊಸಬರು ಬರಬೇಕು ಅಂದರೆ ಗೂಗಲ್‌ನಲ್ಲಿ ಸಿಗಬೇಕು, ಇಂಗ್ಲಿಷ್‌ನಲ್ಲಿ ಹುಡುಕಿದರೆ ದೊಡ್ಡ ಕಂಪನಿಗಳೇ ಮೇಲೆ ಬರುತ್ತವೆ, ಕನ್ನಡದಲ್ಲಾದರೆ ಪೈಪೋಟಿ ಕಮ್ಮಿ, ಲೇಖನ ಹಾಕೋಣ ಅಂತ ಅವನೇ ಹೇಳಿದ.

ಫೇಸ್‌ಬುಕ್ ಗುಂಪೊಂದರಲ್ಲಿ ಒಬ್ಬರು ಸಿಕ್ಕರು. ಪದಕ್ಕೆ 35 ಪೈಸೆ, ಒಂದೊಂದು ಲೇಖನ 800 ಪದ, ಒಟ್ಟು 20 ಲೇಖನ. 5,600 ರೂಪಾಯಿ ಕೊಟ್ಟೆ. ಎಂಟು ದಿನದಲ್ಲಿ ಅಷ್ಟೂ ಬಂದವು. ಆಗ ಖುಷಿಯೇ ಆಗಿತ್ತು.

ಮೊನ್ನೆ ಕೂತು ಎಲ್ಲ ಓದಿದೆ. ಬೇಜಾರಾಯಿತು. ಮೊದಲ ಸಾಲೇ ‘ಕೋಕಮ್ ಒಂದು ಉಷ್ಣವಲಯದ ಹಣ್ಣಾಗಿದ್ದು ಹಲವಾರು ಆರೋಗ್ಯ ಪ್ರಯೋಜನಗಳನ್ನು ಹೊಂದಿದೆ’. ಮುರುಗಲು ಅನ್ನುವ ಪದ 20 ಲೇಖನದಲ್ಲಿ ಒಂದು ಕಡೆಯೂ ಇಲ್ಲ! ಒಂದರಲ್ಲಿ ಹಣ್ಣು ಹಳದಿ ಬಣ್ಣದ್ದು, ಮೈಮೇಲೆ ಗೀರು ಗೀರು ಇರುತ್ತದೆ ಅಂತ ಬರೆದಿದ್ದಾರೆ. ಅದು ಉಪ್ಪಾಗೆ, ಮುರುಗಲು ಅಲ್ಲವೇ ಅಲ್ಲ. ಮತ್ತೊಂದರಲ್ಲಿ ತಿಂಗಳಲ್ಲಿ ತೂಕ ಇಳಿಯುತ್ತದೆ, ಸಕ್ಕರೆ ಕಾಯಿಲೆ ಗುಣವಾಗುತ್ತದೆ ಅಂತಿದೆ. ಇದೆಲ್ಲ ಐದು ತಿಂಗಳಿಂದ ನಮ್ಮ ಹೆಸರಿನಲ್ಲಿ ವೆಬ್‌ಸೈಟ್‌ನಲ್ಲಿದೆ. ಗೂಗಲ್‌ನಿಂದ ಬಂದವರು ನೂರು ಜನವೂ ಇಲ್ಲ, ಅದರಲ್ಲೂ ಹೆಚ್ಚಿನವರು ನಮ್ಮ ಅಂಗಡಿ ಹೆಸರನ್ನೇ ಹಾಕಿ ಹುಡುಕಿದವರು.

ಒಳ್ಳೆಯವರು ಎಲ್ಲಿ ಸಿಗುತ್ತಾರೆ, ಎಷ್ಟು ಕೊಡಬೇಕು, ಕೊಡುವ ಮೊದಲು ಏನು ನೋಡಬೇಕು? ಹಳೆ ಲೇಖನ ತೆಗೆದುಹಾಕಲೋ ಇಟ್ಟುಕೊಳ್ಳಲೋ? ತಿಳಿದವರು ದಯವಿಟ್ಟು ಹೇಳಿ. ಇನ್ನೊಮ್ಮೆ ಇಷ್ಟು ದುಡ್ಡು ಕಳೆಯುವ ಶಕ್ತಿ ನಮಗಿಲ್ಲ.

ಹಳೆ_ಡೆಸ್ಕ್

ಮೇಡಂ, ನಾನು ಹಿಂದೆ ಪತ್ರಿಕೆಯ ಡೆಸ್ಕಿನಲ್ಲಿದ್ದೆ, ಈಗ ಏಳೆಂಟು ವರ್ಷದಿಂದ ಬೇರೆಯವರ ವೆಬ್‌ಸೈಟ್‌ಗೆ ಲೇಖನ ಬರೆಸಿ ತಿದ್ದುವುದೇ ಕೆಲಸ. ತಪ್ಪು ತಿಳಿಯಬೇಡಿ, ಬರೆದವರೊಬ್ಬರನ್ನೇ ದೂರಿದರೆ ಆಗುವುದಿಲ್ಲ. ಒಂದು ಲೇಖನಕ್ಕೆ 280 ರೂಪಾಯಿ. ವಿಷಯ ಓದಿ, ಒಂದಿಬ್ಬರನ್ನು ಕೇಳಿ, ಬರೆದು, ತಿದ್ದಿ ಕೊಡುವುದಕ್ಕೆ ಒಂದಿಡೀ ದಿನ ಬೇಕು. ಒಂದು ದಿನದ ಕೂಲಿಯೂ ಆಗದ ದುಡ್ಡಿಗೆ ಮನುಷ್ಯ ಏನು ಮಾಡುತ್ತಾನೆ? ಇಂಗ್ಲಿಷ್ ಪುಟ ತೆಗೆದು ಅನುವಾದಕ್ಕೆ ಹಾಕಿ, ಅಲ್ಲಿ ಇಲ್ಲಿ ನಾಲ್ಕು ಪದ ಬದಲಿಸಿ ಕಳಿಸುತ್ತಾನೆ. ‘ಹಣ್ಣಾಗಿದ್ದು... ಹೊಂದಿದೆ’ ಅನ್ನುವ ವಾಕ್ಯ ನೋಡಿದರೇ ಗೊತ್ತಾಗುತ್ತದೆ ಅದು ಎಲ್ಲಿಂದ ಬಂತು ಅಂತ.

ಇನ್ನೊಂದು ವಿಷಯ, ಪದಕ್ಕೆ ಇಷ್ಟು ಅಂತ ಲೆಕ್ಕ ಹಾಕುವುದನ್ನು ಮೊದಲು ಬಿಡಿ. ಅದು ಇಂಗ್ಲಿಷ್‌ನಿಂದ ಬಂದ ಪದ್ಧತಿ. ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುತ್ತದೆ, ‘ಮನೆಯಲ್ಲಿ’ ಅಂದರೆ ನಮಗೆ ಒಂದು ಪದ, ಅವರಿಗೆ ಮೂರು. ಹಾಗಾಗಿ 800 ಪದ ಅಂದರೆ ಇಂಗ್ಲಿಷ್‌ನ 800 ಪದಕ್ಕಿಂತ ಎಷ್ಟೋ ಉದ್ದದ ಬರಹ. ಬರೆಯುವವರಿಗೂ ನಷ್ಟ, ಅಷ್ಟುದ್ದ ಎಳೆಯಲೇಬೇಕು ಅಂತ ನೀರು ಬೆರೆಸುವುದರಿಂದ ಓದುವವರಿಗೂ ನಷ್ಟ. ಲೇಖನಕ್ಕೆ ಇಷ್ಟು ಅಂತ ಮಾತಾಡಿ. ನಾನು ಈಗ ಕೊಡಿಸುವುದು ಒಂದಕ್ಕೆ 1,800ರಿಂದ 3,000 ರೂಪಾಯಿ, ವಿಷಯದ ಮೇಲೆ ಹೋಗುತ್ತದೆ. ಹೋದ ಸಲದ 5,600ಕ್ಕೆ ಮೂರೇ ಲೇಖನ ಬರಬಹುದು. ನಿಜವಾಗಿ ನಿಮಗೆ ಬೇಕಾಗಿದ್ದದ್ದೂ ಮೂರೇ.

ಜನ ಎಲ್ಲಿ ಸಿಗುತ್ತಾರೆ? ‘ಕಂಟೆಂಟ್ ರೈಟರ್’ ಅಂತ ಬೋರ್ಡು ಹಾಕಿಕೊಂಡವರಲ್ಲಿ ಹುಡುಕುವ ಬದಲು ಆ ವಿಷಯ ಗೊತ್ತಿದ್ದು ಬರೆಯಲೂ ಬರುವವರನ್ನು ಹುಡುಕಿ. ನಿಮ್ಮ ಜಿಲ್ಲೆಯ ಪತ್ರಿಕೆಗಳಿಗೆ ಕೃಷಿ ಸುದ್ದಿ ಕಳಿಸುವವರು, ನಿವೃತ್ತ ಕನ್ನಡ ಮೇಷ್ಟ್ರು, ತೋಟ ಮಾಡಿಕೊಂಡೇ ಬರೆಯುವವರು. ಪುತ್ತೂರಿನಿಂದ ಬರುವ ಅಡಿಕೆ ಪತ್ರಿಕೆ ನೋಡಿದ್ದೀರಿ ಅಲ್ವಾ? 1988ರಿಂದ ಅದರಲ್ಲಿ ಕೃಷಿಕರೇ ಬರೆಯುತ್ತಾ ಬಂದಿದ್ದಾರೆ. ಅಂಥ ಕೈಗಳು ನಮ್ಮಲ್ಲಿ ಬೇಕಾದಷ್ಟಿವೆ. ಎಸ್‌ಇಒ, ಅಂದರೆ ಗೂಗಲ್ ಹುಡುಕಾಟದಲ್ಲಿ ಪುಟ ಮೇಲೆ ಬರುವಂತೆ ಬರೆಯುವುದನ್ನು ಅವರಿಗೆ ಒಂದು ಮಧ್ಯಾಹ್ನ ಕೂತು ಹೇಳಿಕೊಡಬಹುದು. ಮುರುಗಲು ಯಾವುದು ಉಪ್ಪಾಗೆ ಯಾವುದು ಅಂತ ಎಸ್‌ಇಒ ಕಲಿತವನಿಗೆ ಒಂದು ಮಧ್ಯಾಹ್ನದಲ್ಲಿ ಹೇಳಿಕೊಡಲು ಆಗುವುದಿಲ್ಲ.

ಒಪ್ಪಿಸುವ ಮೊದಲು ಒಂದು ಲೇಖನ ಬರೆಸಿ, ಅದಕ್ಕೆ ಪೂರ್ತಿ ದುಡ್ಡು ಕೊಡಿ. ಬಂದ ಲೇಖನ ನೋಡುವುದಕ್ಕಿಂತ ಮೊದಲು ಅವರು ನಿಮ್ಮನ್ನು ಏನೇನು ಕೇಳಿದರು ಅಂತ ನೋಡಿ. ‘ಶರಬತ್ತಿಗೆ ಹಣ್ಣು ಯಾವಾಗ ಕೊಯ್ಯುತ್ತೀರಿ, ಸಕ್ಕರೆ ಎಷ್ಟು ಹಾಕುತ್ತೀರಿ, ಎಷ್ಟು ದಿನ ಬಿಸಿಲಿಗೆ ಇಡುತ್ತೀರಿ’ ಅಂತ ಫೋನ್ ಮಾಡಿ ಕೇಳಿದವರನ್ನು ಬಿಡಬೇಡಿ. ಒಂದು ಪ್ರಶ್ನೆಯನ್ನೂ ಕೇಳದೆ ಎರಡು ದಿನದಲ್ಲಿ ಕಳಿಸಿದವರಿಗೆ ದುಡ್ಡು ಕೊಟ್ಟು, ಧನ್ಯವಾದ ಹೇಳಿ, ಅಲ್ಲಿಗೆ ನಿಲ್ಲಿಸಿ.

ಕೊಂಡಿ_ಕಾಯುವವ

ಹುಡುಕಾಟದ ಕಡೆಯಿಂದ ನೋಡಿದರೆ ನಿಮ್ಮ ಲೇಖನಗಳ ದೊಡ್ಡ ತಪ್ಪು ನೀವೇ ಹೇಳಿದ್ದು ಅಕ್ಕ, ಮುರುಗಲು ಅನ್ನುವ ಪದವೇ ಇಲ್ಲದಿರುವುದು. ಒಂದೇ ಹಣ್ಣಿಗೆ ನಿಮ್ಮ ಕಡೆ ಮುರುಗಲು, ದಕ್ಷಿಣ ಕನ್ನಡದ ಕಡೆ ಪುನರ್ಪುಳಿ, ಬೆಂಗಳೂರಿನ ಅಂಗಡಿಯಲ್ಲಿ ಕೋಕಂ. ಕೋಕಂ ಅಂತ ಹುಡುಕುವವರು ಜಾಸ್ತಿ ಇರಬಹುದು, ಆದರೆ ಅಲ್ಲಿ ದೊಡ್ಡವರ ಜೊತೆ ಗುದ್ದಾಡಬೇಕು. ಮುರುಗಲು ಶರಬತ್ತು ಅಂತ ಹುಡುಕುವವರು ಕಮ್ಮಿ, ಆದರೆ ಅವರಿಗೆ ಬೇಕಾದ್ದು ನಿಮ್ಮ ಹತ್ತಿರವೇ ಇದೆ. ಮೂರು ಹೆಸರೂ ಲೇಖನದಲ್ಲಿ ಬರಲಿ, ಸಹಜವಾಗಿ ಬರಲಿ. ‘ಮಂಗಳೂರಿನವರು ಪುನರ್ಪುಳಿ ಅನ್ನುತ್ತಾರೆ’ ಅಂತ ಒಂದು ಸಾಲು ಸಾಕು. ಬಹಳ ಜನ ಕನ್ನಡ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಹುಡುಕುತ್ತಾರೆ, ಅದಕ್ಕೆ ಪುಟದ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ಇಡಿ. ಕನ್ನಡ ಲಿಪಿಯಲ್ಲಿ ವಿಳಾಸ ಇಟ್ಟರೆ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕುವಾಗ ಅದು ಶೇಕಡಾ ಚಿಹ್ನೆಗಳ ಉದ್ದದ ಬಾಲ ಆಗಿಬಿಡುತ್ತದೆ, ನೋಡಿದವರು ಒತ್ತಲು ಹೆದರುತ್ತಾರೆ.

ಯಾವ ಪದ ಅಂತ ತಿಳಿಯಲು ದುಡ್ಡು ಕೊಟ್ಟು ಟೂಲ್ ತೆಗೆದುಕೊಳ್ಳಬೇಡಿ. ಕನ್ನಡದ ಸಣ್ಣ ಸಣ್ಣ ಪದಗಳಿಗೆ ಅವು ಎಷ್ಟೋ ಸಲ ಸೊನ್ನೆ ಅಂತಲೇ ತೋರಿಸುತ್ತವೆ, ಹಾಗಂತ ಯಾರೂ ಹುಡುಕುತ್ತಿಲ್ಲ ಅಂತಲ್ಲ. ಸೈಟ್ ಇರುವವರಿಗೆ ಗೂಗಲ್ ಬಿಟ್ಟಿಯಾಗಿ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಪರ್ಫಾರ್ಮೆನ್ಸ್ ಅನ್ನುವಲ್ಲಿ ಜನ ಏನು ಟೈಪ್ ಮಾಡಿದಾಗ ನಿಮ್ಮ ಪುಟ ಕಾಣಿಸಿತು ಅಂತ ಪಟ್ಟಿ ಇರುತ್ತದೆ, 16 ತಿಂಗಳ ಹಿಂದಿನವರೆಗೂ ನೋಡಬಹುದು. ಅದು ಒಂದು ದಾರಿ. ಇನ್ನೊಂದು, ಅದಕ್ಕಿಂತ ಒಳ್ಳೆಯದು, ನಿಮ್ಮ ವಾಟ್ಸಾಪ್. ಗಿರಾಕಿಗಳು ಪದೇ ಪದೇ ಏನು ಕೇಳುತ್ತಾರೆ? ಅದೇ ಲೇಖನದ ತಲೆಬರಹ. ಒಂದು ಪ್ರಶ್ನೆಗೆ ಒಂದು ಲೇಖನ.

ಬರಹಗಾರರಿಗೆ ‘ಈ ಪದ ಹತ್ತು ಸಲ ಬರಬೇಕು’ ಅಂತ ಮಾತ್ರ ಹೇಳಬೇಡಿ. ನಮ್ಮಲ್ಲಿ ಮುರುಗಲು, ಮುರುಗಲಿನ, ಮುರುಗಲಿಗೆ ಅಂತ ಪದ ಬದಲಾಗುತ್ತಲೇ ಇರುತ್ತದೆ. ಹತ್ತು ಸಲ ಒಂದೇ ರೂಪ ತುರುಕಿದರೆ ಓದಲು ಆಗುವುದಿಲ್ಲ, ಗೂಗಲ್‌ಗೂ ಅದು ಬೇಡ. ಕೀವರ್ಡ್ ಮೆಟಾ ಟ್ಯಾಗ್ (ಪುಟದ ಕೋಡ್ ಒಳಗೆ ಅಡಗಿಸಿಡುವ ಪದಗಳ ಪಟ್ಟಿ) ಅಂತ ಇನ್ನೂ ಕೆಲವರು ದುಡ್ಡು ಕೇಳುತ್ತಾರೆ. ಅದನ್ನು ರ‍್ಯಾಂಕಿಂಗ್‌ಗೆ ನೋಡುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಯಾಗಿದೆ.

ಹಳೆ ಲೇಖನಗಳ ವಿಷಯ. ಹುಡುಕಾಟದಲ್ಲಿ ಮೇಲೆ ಬರುವುದಕ್ಕೇ ಅಂತ ರಾಶಿ ರಾಶಿ ಪುಟ ತಯಾರಿಸುವುದನ್ನು 2024ರ ಮಾರ್ಚ್‌ನಿಂದ ಗೂಗಲ್ ಸ್ಪ್ಯಾಮ್ ಅಂತಲೇ ಎಣಿಸುತ್ತದೆ, ಮನುಷ್ಯ ಬರೆದಿರಲಿ ಯಂತ್ರ ಬರೆದಿರಲಿ. 20 ಪುಟಕ್ಕೆ ನಿಮ್ಮ ಮೇಲೆ ಯಾರೂ ಕ್ರಮ ತೆಗೆದುಕೊಳ್ಳುವುದಿಲ್ಲ, ಹೆದರಬೇಡಿ. ಆದರೆ ತಪ್ಪು ಮಾಹಿತಿಯ ಪುಟ ಇಟ್ಟುಕೊಂಡು ಲಾಭವೂ ಇಲ್ಲ. ಉಪ್ಪಾಗೆಯನ್ನು ಮುರುಗಲು ಅಂದದ್ದು, ಕಾಯಿಲೆ ಗುಣವಾಗುತ್ತದೆ ಅಂದದ್ದು ಇವತ್ತೇ ತೆಗೆಯಿರಿ. ಉಳಿದದ್ದರಲ್ಲಿ ಯಾವುದಕ್ಕಾದರೂ ಸ್ವಲ್ಪ ಜನ ಬರುತ್ತಿದ್ದರೆ ಅದೇ ವಿಳಾಸದಲ್ಲಿ ಹೊಸದಾಗಿ ಬರೆಸಿ.

ಇನ್ನೊಂದು, ಇದನ್ನು ಮರೆತು ಸುಮ್ನೆ ತೊಂದರೆ ಮಾಡಿಕೊಂಡವರನ್ನು ನೋಡಿದ್ದೇನೆ. ಹಳೆ ಮೇಷ್ಟ್ರು, ಹಳೆ ವರದಿಗಾರರ ಹತ್ತಿರ ಬರೆಸಿದರೆ ಫೈಲ್ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆ ಆಸ್ಕಿ ಫಾಂಟ್‌ನಲ್ಲಿ ಬರುವ ಸಾಧ್ಯತೆ ಇದೆ. ಅದು ಅವರ ಕಂಪ್ಯೂಟರ್‌ನಲ್ಲಿ ಕನ್ನಡವಾಗಿ ಕಾಣುತ್ತದೆ, ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. ಗೂಗಲ್‌ಗೆ ಅದು ಕನ್ನಡವೇ ಅಲ್ಲ. ಎಲ್ಲ ಕಂಪ್ಯೂಟರೂ ಕನ್ನಡ ಅಂತಲೇ ಓದುವ ಯೂನಿಕೋಡ್‌ನಲ್ಲಿ ಕೊಡಿ ಅಂತ ಮೊದಲೇ ಹೇಳಿ. ಪರಿವರ್ತನೆ ಮಾಡಿದರೆ ಅರ್ಕಾವತ್ತು, ಒತ್ತಕ್ಷರ ಎಲ್ಲ ಒಮ್ಮೆ ಕಣ್ಣಾಡಿಸಿ ನೋಡಿ.

ಧಾರವಾಡದ_ಬರವಣಿಗೆ

ನಾನು ಇನ್ನೊಂದು ಕಡೆಯವಳು, ಬರೆದುಕೊಟ್ಟು ಬದುಕುವವಳು. ಒಂಬತ್ತು ವರ್ಷ ಆಯಿತು. ಹಳೆ ಡೆಸ್ಕ್ ಸರ್ ದುಡ್ಡಿನ ವಿಷಯ ಬಿಡಿಸಿ ಹೇಳಿದ್ದು ನೋಡಿ ಸಮಾಧಾನವಾಯಿತು, ಇಂಥ ಮಾತು ಹೇಳುವವರು ಕಮ್ಮಿ.

ಅಕ್ಕಾ, ಬಿಟ್ಟಿ ಸ್ಯಾಂಪಲ್ ಮಾತ್ರ ಕೇಳಬೇಡಿ. ಒಂದು ವೆಬ್‌ಸೈಟ್‌ನವರು ನನ್ನ ಹತ್ತಿರ ಮೂರು ಸ್ಯಾಂಪಲ್ ಬರೆಸಿಕೊಂಡು ‘ನಿಮ್ಮ ಶೈಲಿ ನಮಗೆ ಹೊಂದುವುದಿಲ್ಲ’ ಅಂದರು. ಎರಡು ತಿಂಗಳ ಮೇಲೆ ಮೂರೂ ಅವರ ಸೈಟ್‌ನಲ್ಲಿದ್ದವು, ಒಂದು ಅಲ್ಪವಿರಾಮವೂ ಬದಲಾಗಿರಲಿಲ್ಲ. ಕೇಳಿದರೆ ಉತ್ತರವೇ ಇಲ್ಲ. ಅವತ್ತಿನಿಂದ ಅರ್ಧ ದುಡ್ಡು ಮುಂಗಡ ಬರದೆ ನಾನು ಕೆಲಸ ಶುರು ಮಾಡುವುದಿಲ್ಲ. ನಿಮ್ಮಂಥವರಿಗೆ ಇದು ಕಷ್ಟ ಅನ್ನಿಸಬಹುದು, ಹಾಗಿದ್ದರೆ ಒಂದೊಂದೇ ಲೇಖನಕ್ಕೆ ಮಾತಾಡಿ, ಇಬ್ಬರಿಗೂ ಭಯ ಇರುವುದಿಲ್ಲ.

ಒಂದು ಪುಟದ ಕಾಗದ ಮಾಡಿಕೊಳ್ಳಿ. ಲೇಖನ ಯಾವುದರ ಮೇಲೆ, ಯಾವತ್ತು ಕೊಡಬೇಕು, ಎಷ್ಟು ದುಡ್ಡು, ಎಷ್ಟು ಸಲ ತಿದ್ದಿಕೊಡಬೇಕು. ತಿದ್ದುವುದು ಎರಡು ಸಲ ಅಂತ ಇಟ್ಟುಕೊಂಡರೆ ಸಾಕು, ಅದಕ್ಕಿಂತ ಜಾಸ್ತಿ ಬೇಕಾಗುತ್ತಿದೆ ಅಂದರೆ ಮೊದಲೇ ವಿವರ ಸರಿಯಾಗಿ ಕೊಟ್ಟಿಲ್ಲ ಅಂತ ಅರ್ಥ. ಮತ್ತೆ ಹಕ್ಕಿನ ವಿಷಯ ಅದರಲ್ಲಿ ಇರಲೇಬೇಕು. ಇದು ಬಹಳ ಜನರಿಗೆ ಗೊತ್ತಿಲ್ಲ. ದುಡ್ಡು ಕೊಟ್ಟ ಮೇಲೆ ಲೇಖನ ತಮ್ಮದೇ ಅಂದುಕೊಂಡಿರುತ್ತಾರೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಸಂಬಳಕ್ಕಿರುವವರು ಬರೆದರೆ ಹಕ್ಕು ಮಾಲೀಕರದ್ದು, ಆದರೆ ಹೊರಗಿನವರು ಬರೆದುಕೊಟ್ಟ ಲೇಖನದ ಮೊದಲ ಹಕ್ಕು ಬರೆದವರದ್ದೇ. ಅದನ್ನು ನಿಮಗೆ ಬಿಟ್ಟುಕೊಡುವುದು ಬರಹದಲ್ಲೇ ಆಗಬೇಕು, ಸಹಿಯೂ ಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದೇ ವರ್ಷ ಅಂತ ಲೆಕ್ಕ. ಎಲ್ಲೆಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ನಿಮ್ಮ ಶರಬತ್ತಿನ ಲೇಖನವನ್ನು ದುಬೈನಲ್ಲಿರುವ ಕನ್ನಡದವರೂ ಓದಬೇಕಲ್ವಾ, ಹಾಗಾಗಿ ‘ಎಲ್ಲ ದೇಶಕ್ಕೆ, ಪೂರ್ತಿ ಅವಧಿಗೆ’ ಅಂತ ಒಂದು ಸಾಲು ಹಾಕಿ. ಬರೆದವರ ಹೆಸರು ಕೆಳಗೆ ಹಾಕಿದರೆ ಇನ್ನೂ ಒಳ್ಳೆಯದು. ಹೆಸರು ಹಾಕುತ್ತಾರೆ ಅಂತ ಗೊತ್ತಾದರೆ ನಾನೇ ಎರಡು ಸಲ ಹೆಚ್ಚು ಓದಿ ಕಳಿಸುತ್ತೇನೆ, ಇದು ಸತ್ಯ.

ದುಡ್ಡು ತಡ ಮಾಡಬೇಡಿ. ಈಗ ನಮ್ಮಂಥ ಕೆಲವರು ಸಣ್ಣ ಉದ್ಯಮ ಅಂತ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿಕೊಂಡಿದ್ದೇವೆ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ದುಡ್ಡು ಕೊಡುವುದಕ್ಕೆ ಒಪ್ಪಂದ ಏನೇ ಇದ್ದರೂ 45 ದಿನ ದಾಟುವಂತಿಲ್ಲ, ದಾಟಿದರೆ ರಿಸರ್ವ್ ಬ್ಯಾಂಕ್ ಹೇಳುವ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ, ಇಲ್ಲಿ ಓದುತ್ತಿರುವ ಬೇರೆ ಬರಹಗಾರರಿಗೂ ತಿಳಿಯಲಿ ಅಂತ ಹೇಳಿದೆ.

ಆ ತೂಕ ಇಳಿಸುವ ಲೇಖನ ಹೇಗೆ ಬಂತು ಅಂತ ನನಗೆ ಅನ್ನಿಸುವುದು ಇಷ್ಟು. ಗಾರ್ಸಿನಿಯಾ ಕ್ಯಾಂಬೋಜಿಯಾ ಅಂತ ತೂಕ ಇಳಿಸುವ ಮಾತ್ರೆ ಮಾರುತ್ತಾರಲ್ಲ, ಆ ಗಿಡ ನಿಮ್ಮ ಉಪ್ಪಾಗೆಯೇ. ಮುರುಗಲು ಗಾರ್ಸಿನಿಯಾ ಇಂಡಿಕಾ. ಬರೆದವರು ಗಾರ್ಸಿನಿಯಾ ಅಂತ ಹುಡುಕಿ, ಮಾತ್ರೆ ಮಾರುವವರ ಪುಟ ತೆಗೆದು, ಹಣ್ಣಿನ ಬಣ್ಣ ಸಮೇತ ಕನ್ನಡಕ್ಕೆ ಇಳಿಸಿದ್ದಾರೆ. ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಆಹಾರದ ಬಗ್ಗೆ ಜನರ ದಾರಿ ತಪ್ಪಿಸುವ ಜಾಹೀರಾತು ಹಾಕಿದರೆ 2006ರ ಆಹಾರ ಸುರಕ್ಷತೆ ಕಾಯ್ದೆಯ 53ನೇ ಸೆಕ್ಷನ್‌ನಲ್ಲಿ 10 ಲಕ್ಷದವರೆಗೆ ದಂಡ ಇದೆ. ಬರೆದವರು ಯಾರೋ, ಬಾಟಲಿ ಮೇಲೆ ಹೆಸರು ನಿಮ್ಮದು. ದಂಡದ ಮಾತು ಪಕ್ಕಕ್ಕಿಡಿ, ಸಕ್ಕರೆ ಕಾಯಿಲೆ ಇರುವ ಯಾರಾದರೂ ಅದನ್ನು ನಂಬಿ ಸಕ್ಕರೆ ಹಾಕಿದ ಶರಬತ್ತು ಕುಡಿದರೆ?

ಶಿರಸಿ_ಕಡೆಯವಳು

ಎಲ್ಲರಿಗೂ ಧನ್ಯವಾದ. ಕೊನೆಯ ಸಾಲು ಓದಿ ಎದೆ ಝಲ್ ಅಂದಿತು. ಈಗಲೇ ಭಾವನ ಮಗನಿಗೆ ಫೋನ್ ಮಾಡಿ ಆರು ಲೇಖನ ತೆಗೆಸಿದೆ.

ವಾಟ್ಸಾಪ್ ಹಿಂದಕ್ಕೆ ಸರಿಸಿ ನೋಡಿದೆ. ಜನ ಕೇಳಿರುವುದು: ಶರಬತ್ತಿನ ಮೇಲೆ ನೊರೆ ಬಂದಿದೆ, ಹಾಳಾಯಿತಾ? ಫ್ರಿಜ್ ಇಲ್ಲದೆ ಎಷ್ಟು ದಿನ ಇಡಬಹುದು? ಹೋದ ವರ್ಷದ್ದು ಕಡು ಕೆಂಪಿತ್ತು, ಈ ವರ್ಷ ಯಾಕೆ ತೆಳು? ಒಣ ಸಿಪ್ಪೆಯಲ್ಲಿ ಸಾರು ಮಾಡುವುದು ಹೇಗೆ? ಬಿಳಿ ಮುರುಗಲು ಅಂದರೆ ಬೇರೆ ಗಿಡವಾ? ಇವಕ್ಕೆಲ್ಲ ಅತ್ತೆಗೆ ಉತ್ತರ ಗೊತ್ತು. ಇಂಥದ್ದನ್ನೂ ಗೂಗಲ್‌ನಲ್ಲಿ ಹುಡುಕುತ್ತಾರಾ?

ಇನ್ನೊಂದು ಪ್ರಶ್ನೆ. ಭಾವನ ಮಗ ಎಐ ಹತ್ತಿರ ಬರೆಸೋಣ, ಬಿಟ್ಟಿ ಆಗುತ್ತದೆ ಅನ್ನುತ್ತಿದ್ದಾನೆ. ಅದು ಸರಿಯಾ?

ಪುತ್ತೂರಿನ_ಹಲಸು

ಹುಡುಕುತ್ತಾರೆ ಅಕ್ಕ, ಅದನ್ನೇ ಹುಡುಕುತ್ತಾರೆ. ನಮ್ಮದು ಹಲಸಿನ ಹಪ್ಪಳ, ಹಣ್ಣಿನ ತಿರುಳು ಒಣಗಿಸಿ ಮಾಡುವ ಮಾಂಬಳ. ನಾವೂ ಮೊದಲು ‘ಹಲಸಿನ ಹಣ್ಣಿನ ಲಾಭಗಳು’ ಅಂತ ಬರೆಸಿದ್ದೆವು, ಅದು ನೂರು ಜನ ಬರೆದ ವಿಷಯ, ಯಾರೂ ಬರಲಿಲ್ಲ. ಆಮೇಲೆ ‘ಹಪ್ಪಳ ಕರಿದಾಗ ಯಾಕೆ ಉಬ್ಬುವುದಿಲ್ಲ’ ಅಂತ ಒಂದು ಹಾಕಿದೆವು. ಅಮ್ಮ ಹೇಳಿದ್ದು, ಕಾಯಿ ಎಷ್ಟು ಬೆಳೆದಿರಬೇಕು, ಬೇಯಿಸಿದ್ದು ಹೆಚ್ಚಾದರೆ ಏನು, ಬಿಸಿಲು ಕಡಿಮೆಯಾದರೆ ಏನು. ಈಗಲೂ ನಮ್ಮ ಸೈಟ್‌ಗೆ ಅತಿ ಹೆಚ್ಚು ಜನ ಬರುವುದು ಆ ಪುಟಕ್ಕೆ.

ನಾವು ಮಾಡಿದ್ದು ಹೀಗೆ. ಅಮ್ಮ ಹಪ್ಪಳ ಒತ್ತುವಾಗ ಫೋನ್ ಪಕ್ಕದಲ್ಲಿಟ್ಟು ರೆಕಾರ್ಡ್ ಮಾಡಿದೆ. ಕ್ಯಾಮೆರಾ ಇಲ್ಲ, ಮಾತು ಮಾತ್ರ. ಕೂರಿಸಿ ಪ್ರಶ್ನೆ ಕೇಳಿದರೆ ಅವರು ಮಾತೇ ಆಡುವುದಿಲ್ಲ, ಕೈಯಲ್ಲಿ ಕೆಲಸ ಇದ್ದರೆ ಎಲ್ಲ ಬರುತ್ತದೆ. 40 ನಿಮಿಷದ ಆ ಮಾತನ್ನು ನಮ್ಮೂರಿನ ಒಬ್ಬ ಟೀಚರಿಗೆ ಕೊಟ್ಟೆ, ಅವರು ಕೇಳಿ, ಅರ್ಥವಾಗದ ಕಡೆ ಅಮ್ಮನಿಗೆ ಫೋನ್ ಮಾಡಿ, ಲೇಖನ ಮಾಡಿದರು. ಒಂದಕ್ಕೆ 1,500 ಕೊಟ್ಟೆ. ಬರಹಗಾರರನ್ನು ಇಟ್ಟುಕೊಳ್ಳುವುದು ಅಂದರೆ ಗೊತ್ತಿರುವುದನ್ನು ಚೆನ್ನಾಗಿ ಬರೆಸುವುದಕ್ಕೆ. ಗೊತ್ತಿಲ್ಲದವರ ಹತ್ತಿರ ವಿಷಯವನ್ನೂ ತನ್ನಿ ಅಂದರೆ ಅವರು ತರುವುದು ಇನ್ನೊಬ್ಬರ ಪುಟದಿಂದಲೇ.

ಎಐ ಬಗ್ಗೆ: ಹೇಗೆ ಬರೆದದ್ದು ಅನ್ನುವುದಕ್ಕಿಂತ ಓದುವವರಿಗೆ ಉಪಯೋಗ ಇದೆಯಾ ಅಂತ ನೋಡುತ್ತೇವೆ ಅಂತ ಗೂಗಲ್ 2023ರಲ್ಲಿ ಹೇಳಿದೆ. ಹಾಗಾಗಿ ನಿಷೇಧ ಏನಿಲ್ಲ. ಆದರೆ ಅದಕ್ಕೆ ನಿಮ್ಮ ಅತ್ತೆಯ ಶರಬತ್ತಿನ ಭರಣಿ ಗೊತ್ತಿಲ್ಲ. ನಾನು ಪ್ರಯತ್ನಿಸಿದೆ, ಮಾಂಬಳವನ್ನು ಹಲಸಿನ ಜಾಮ್ ಅಂತ ಬರೆಯಿತು. ರೆಕಾರ್ಡ್ ಮಾಡಿದ ಮಾತನ್ನು ಅಕ್ಷರಕ್ಕೆ ಇಳಿಸಲು ಬೇಕಾದರೆ ಬಳಸಿ, ಅಲ್ಲೂ ಊರಿನ ಮಾತು ತಪ್ಪಾಗಿ ಬರುತ್ತದೆ, ತಿದ್ದಲೇಬೇಕು. 2022ರ ಡಿಸೆಂಬರ್‌ನಲ್ಲಿ ಗೂಗಲ್ ತನ್ನ ಗುಣಮಟ್ಟದ ಮಾರ್ಗಸೂಚಿಗೆ ‘ಅನುಭವ’ ಅಂತ ಒಂದು ಅಂಶ ಹೊಸದಾಗಿ ಸೇರಿಸಿತು, ಬರೆದವರು ಆ ಕೆಲಸವನ್ನು ಕೈಯಾರೆ ಮಾಡಿದ್ದಾರಾ ಅಂತ. ಅದು ನಿಮ್ಮ ಮನೆಯಲ್ಲಿ ತುಂಬಿ ತುಳುಕುತ್ತಿದೆ.

ಹಳೆ_ಡೆಸ್ಕ್

ಪುತ್ತೂರಿನವರು ಹೇಳಿದ ದಾರಿ ನಾನು ಹೇಳಿದ್ದಕ್ಕಿಂತ ಚೆನ್ನಾಗಿದೆ. ಒಂದು ಸೇರಿಸುತ್ತೇನೆ. ಬರೆಯುವವರನ್ನು ಸಾಧ್ಯವಾದರೆ ಒಂದು ಸಲ ಮನೆಗೇ ಕರೆಸಿ, ಬಸ್ ಚಾರ್ಜ್ ನೀವು ಕೊಡಿ. ಫೋಟೊ ಅಲ್ಲೇ ತೆಗೆಯಲಿ. ಬೇರೆ ಸೈಟ್‌ನಿಂದ ಎತ್ತಿದ ಫೋಟೊ ಒಂದೂ ಬೇಡ. ಮತ್ತೆ ಫಲ ಸಿಗಲು ಮೂರರಿಂದ ಆರು ತಿಂಗಳು ಕಾಯಬೇಕಾಗಬಹುದು. ಮುರುಗಲು ಹಣ್ಣಾಗುವುದು ಏಪ್ರಿಲ್, ಮೇ ಅಲ್ಲವೇ? ಶರಬತ್ತು ಹುಡುಕುವವರೂ ಬೇಸಿಗೆಯಲ್ಲೇ ಜಾಸ್ತಿ. ಈ ಬೇಸಿಗೆಯಲ್ಲಿ ಕಂಡು ಬರೆದದ್ದು ಮುಂದಿನ ಬೇಸಿಗೆಗೆ ಕೈಗೆ ಬರುತ್ತದೆ.

ಶಿರಸಿ_ಕಡೆಯವಳು

ಸರಿ, ತೀರ್ಮಾನ ಮಾಡಿದೆ. ಮೊದಲು ಮೂರೇ ಲೇಖನ. ನೊರೆ ಬಂದದ್ದು, ಫ್ರಿಜ್ ಇಲ್ಲದೆ ಇಡುವುದು, ಒಣ ಸಿಪ್ಪೆಯ ಸಾರು. ನಮ್ಮ ಪಕ್ಕದ ಊರಿನಲ್ಲಿ ಪತ್ರಿಕೆಗೆ ಬರೆಯುವ ಒಬ್ಬರು ಇದ್ದಾರೆ, ಇಷ್ಟು ದಿನ ಅವರ ನೆನಪೇ ಆಗಿರಲಿಲ್ಲ. ಇವತ್ತು ಮಾತಾಡಿದೆ. ಲೇಖನಕ್ಕೆ 1,500 ಅಂದೆ, ಒಪ್ಪಿದರು. ಮೊದಲು ಕೇಳಿದ್ದೇ ‘ನೀವು ಹಣ್ಣನ್ನು ಸಕ್ಕರೆ ಜೊತೆ ಎಷ್ಟು ದಿನ ಬಿಸಿಲಿಗೆ ಇಡುತ್ತೀರಿ, ನಮ್ಮ ಮನೆಯಲ್ಲಿ ಬೇರೆ ರೀತಿ’ ಅಂತ. ಅತ್ತೆ ಫೋನ್ ಕಿತ್ತುಕೊಂಡು ಅರ್ಧ ಗಂಟೆ ಮಾತಾಡಿದರು. ನಾನು ರೆಕಾರ್ಡ್ ಮಾಡಿಕೊಂಡೆ.

ಧಾರವಾಡದ ಅಕ್ಕಾ, ಆ ಒಂದು ಪುಟದ ಕಾಗದ ಕನ್ನಡದಲ್ಲೇ ಇದ್ದರೆ ನಡೆಯುತ್ತದಾ? ನಿಮ್ಮ ಹತ್ತಿರ ಮಾದರಿ ಇದ್ದರೆ ಹೆಸರು, ದುಡ್ಡು ಎಲ್ಲ ಅಳಿಸಿ ಇಲ್ಲಿ ಹಾಕುತ್ತೀರಾ?

ಧಾರವಾಡದ_ಬರವಣಿಗೆ

ಕನ್ನಡದಲ್ಲೇ ಇರಲಿ, ಏನೂ ತೊಂದರೆ ಇಲ್ಲ. ಇಬ್ಬರಿಗೂ ಅರ್ಥವಾಗಬೇಕು, ಇಬ್ಬರ ಸಹಿ ಇರಬೇಕು. ನಾನು ಬಳಸುವುದನ್ನು ಇವತ್ತು ರಾತ್ರಿ ಟೈಪ್ ಮಾಡಿ ಹಾಕುತ್ತೇನೆ. ಅತ್ತೆಯವರ ಲೇಖನ ಬಂದ ಮೇಲೆ ಕೊಂಡಿ ಕಳಿಸಿ, ಮತ್ತೆ ಎರಡು ಬಾಟಲಿ ಶರಬತ್ತು ನನ್ನ ಹೆಸರಿಗೆ ಬರೆದುಕೊಳ್ಳಿ.